ಎರಡನೇ ಗೇರಿನಲ್ಲಿ ಹತ್ತಿದ ಚಡವು

ಈಗಲೂ ತಿಂಗಳಿಗೊಬ್ಬರಾದರೂ ನನ್ನ ಮನೆಯ ಜಗಲಿ ಹತ್ತಿ ಕೇಳುವ ಪ್ರಶ್ನೆಯೊಂದಿದೆ. ಹೊಸ ಕಾರು ತೆಗೆಯಬೇಕೆಂದಿರುತ್ತಾರೆ. ಇಂಜಿನು ನೋಡಿದರೆ ಒಂದು ಲೀಟರಿನದು, ಅದೂ ಪೆಟ್ರೋಲು. ಅದರ ಬೆನ್ನಿಗೊಂದು ಟರ್ಬೊ ಕಟ್ಟಿ ದೊಡ್ಡ ಇಂಜಿನಿನ ಕೆಲಸ ಮಾಡಿಸುತ್ತಾರೆ. "ಇಷ್ಟು ಸಣ್ಣದರ ಹತ್ತಿರ ಅಷ್ಟು ದುಡಿಸಿದ್ರೆ ಬಾಳಿಕೆ ಬರ್ತದಾ ಮಾರಾಯ್ರೆ?" ಎಂದು ಕೇಳುತ್ತಾರೆ. ನಾನು ಗ್ಯಾರೇಜು ಬಿಟ್ಟು ವರ್ಷಗಳಾದವು. ಟರ್ಬೊ ಇಂಜಿನನ್ನು ಕೈಯಾರೆ ಬಿಚ್ಚಿದ್ದು ಬೆರಳೆಣಿಕೆಯಷ್ಟು ಸಲ. ಹಾಗಂತ ಉತ್ತರ ಕೊಡದೆ ಕಳಿಸುವ ಜಾತಿ ನಾನಲ್ಲ. "ಇಂಜಿನಿನ ಸುದ್ದಿ ಆಮೇಲೆ. ನೀನು ಹೇಗೆ ಓಡಿಸ್ತೀ, ಅದನ್ನು ಮೊದಲು ಹೇಳು" ಎನ್ನುತ್ತೇನೆ. ಕೆಲವರ ಮುಖ ಸಣ್ಣದಾಗುತ್ತದೆ. ಆಗಲಿ, ನನಗೇನು?

ಹಾಗೆ ಕೇಳುವ ಹಕ್ಕು ನನಗೆ ಪುಕ್ಕಟೆ ಬಂದದ್ದಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಪೆರಾಬೆಯ ಒಬ್ಬರು ಟೀಚರು ಮತ್ತು ಅವರ ಸಣ್ಣ ಕಾರು ಸೇರಿ ನನಗೆ ಅದನ್ನು ಕಲಿಸಿದರು. ನಾನು ಜೀವಮಾನದಲ್ಲಿ ನೂರಾರು ಇಂಜಿನುಗಳಿಗೆ ಜೀವ ಕೊಟ್ಟಿದ್ದೇನೆ, ಅದರ ಬಗ್ಗೆ ಹೆಮ್ಮೆ ಇದೆ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಇರುವುದು ಆ ಕಾರಿನ ವಿಷಯದಲ್ಲಿ ನಾನು ಹೇಳಿದ ಒಂದು ಮಾತಿನ ಬಗ್ಗೆ.

ಮೊದಲು ನಮ್ಮ ಆ ಕಾಲದ ಚಾಳಿ ಹೇಳಬೇಕು. ನಾನು ಕೆಲಸ ಕಲಿತದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಪುತ್ತೂರಿನ ಒಂದು ಗ್ಯಾರೇಜಿನಲ್ಲಿ. ಆಗ ಕಾರು ಎಂದರೆ ದೊಡ್ಡ ಕಾರು. ಬಾನೆಟ್ ಎತ್ತಿದರೆ ಇಂಜಿನಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಜಾಗ. ಎರಕದ ಕಬ್ಬಿಣದ ಇಂಜಿನು, ನಿಧಾನವಾಗಿ ತಿರುಗುವಂಥದ್ದು, ಎಮ್ಮೆಯ ಹಾಗೆ ಎಳೆಯುವಂಥದ್ದು. ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಪುಸ್ತಕ ನೋಡಿದವರಲ್ಲ. ಅವರ ವಿದ್ಯೆಯೆಲ್ಲ ಕಿವಿಯಲ್ಲಿ ಇತ್ತು. "ಇಂಜಿನ್ ಬೊಬ್ಬೆ ಹೊಡೀಬಾರದು. ಬೊಬ್ಬೆ ಹೊಡೆದ್ರೆ ಅದಕ್ಕೆ ನೋವಾಗ್ತಾ ಉಂಟು ಅಂತ ಲೆಕ್ಕ" ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನದನ್ನು ವೇದವಾಕ್ಯದಂತೆ ನಂಬಿದೆ.

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವಾಗ ಪೆರಾಬೆ ದಾಟಿದ ಮೇಲೆ ಒಂದು ಉದ್ದದ ಏರು. ನಮ್ಮಲ್ಲಿ ಏರುದಾರಿಗೆ ಚಡವು ಎನ್ನುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಇಂಜಿನು ಬಿಚ್ಚಿ ಪೂರ್ತಿ ಕೆಲಸ ಮುಗಿಸಿದ ಪ್ರತಿಯೊಂದು ಕಾರನ್ನೂ ಆ ಚಡವಿಗೆ ಒಯ್ಯುತ್ತಿದ್ದೆವು. ಕೆಳಗಿನಿಂದ ಟಾಪ್ ಗೇರಿನಲ್ಲೇ, ಅಂದರೆ ನಾಲ್ಕನೆಯದರಲ್ಲೇ, ಎಲ್ಲಿಯೂ ಗೇರು ಇಳಿಸದೆ ತುದಿ ಮುಟ್ಟಿದರೆ ಇಂಜಿನು ಪಾಸು. ತುದಿಯಲ್ಲಿ ಒಂದು ಚಾದಂಗಡಿ ಇತ್ತು. ಅಲ್ಲಿನ ಬೆಂಚಿನಲ್ಲಿ ಬಾಡಿಗೆ ಕಾರಿನ ಡ್ರೈವರುಗಳು ಕೂತು, ಕಣ್ಣಿಗೆ ಕಾಣದ ಕಾರನ್ನು ಕಿವಿಯಲ್ಲೇ ಹಿಂಬಾಲಿಸುತ್ತಿದ್ದರು. ಮಧ್ಯದಲ್ಲಿ ಗೇರು ಇಳಿಸಿದ ಸದ್ದು ಕೇಳಿತೋ, ಕಾರು ಮೇಲೆ ಬಂದ ಕೂಡಲೇ "ಎಂತ, ಗೇರು ಬಿತ್ತಾ?" ಎಂದು ನಗುತ್ತಿದ್ದರು. ಆ ನಗುವಿಗೆ ಹೆದರಿ ಬೆವರಿದ ಡ್ರೈವರುಗಳನ್ನು ನಾನು ಕಂಡಿದ್ದೇನೆ. ಗೇರು ಬೀಳದೆ ಬಂದರೆ ಕಾರಿನ ಯಜಮಾನರು ಎಲ್ಲರಿಗೂ ಚಾ ಮತ್ತು ಗೋಳಿಬಜೆ ಕೊಡಿಸಬೇಕು. ಸುಳ್ಯದವರೂ ತಮ್ಮ ಗಾಡಿ ತಂದು ಈ ಪರೀಕ್ಷೆ ಕೊಟ್ಟು ಹೋದದ್ದುಂಟು. ಪುತ್ತೂರು ಸುಳ್ಯ ಕಡಬಗಳಲ್ಲಿ ಒಳ್ಳೆಯ ಡ್ರೈವರ್ ಎಂದರೆ ಗೇರಿಗೆ ಕೈ ಹಾಕದವನು ಎಂದೇ ಅರ್ಥವಾಗಿತ್ತು.

ಆ ಚಡವಿನಲ್ಲಿ ಎಲ್ಲರಿಗಿಂತ ಹೆಸರು ಮಾಡಿದವರು ಪೆರಾಬೆಯ ಒಬ್ಬರು ಜಮೀನುದಾರರು. ನಾವೆಲ್ಲ ಅವರನ್ನು ಧಣಿಗಳು ಎನ್ನುತ್ತಿದ್ದೆವು. ಅವರ ದೊಡ್ಡ ಕಾರಿನ ಇಂಜಿನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸದಾಗಿ ಕಟ್ಟಿಕೊಟ್ಟವನು ನಾನೇ. ಆ ಹೊತ್ತಿಗೆ ನನ್ನದೇ ಗ್ಯಾರೇಜು ಆಗಿತ್ತು. ಅವರು ಆರು ಜನರನ್ನು ತುಂಬಿಕೊಂಡು, ಹಿಂದೆ ಎರಡು ಗೋಣಿ ಅಕ್ಕಿ ಹಾಕಿಕೊಂಡು ಟಾಪಿನಲ್ಲಿ ಹತ್ತಿದ ದಿನ ಚಾದಂಗಡಿಯ ಬೆಂಚೇ ಎದ್ದು ನಿಂತಿತ್ತು. ಅಂದಿನಿಂದ ಅವರಿಗೆ ನಾನು, ನನಗೆ ಅವರು. ನನ್ನ ಬಾಯಿಯೂ ಆಮೇಲೆ ಸ್ವಲ್ಪ ಉದ್ದವಾಯಿತು, ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ನಮ್ಮ ಕಡೆಗೆ ಸಣ್ಣ ಕಾರುಗಳು ಬರತೊಡಗಿದವು. ಮೂರೇ ಸಿಲಿಂಡರು, ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚಿನ ಪೆಟ್ರೋಲ್ ಇಂಜಿನು. ಮೊದಲ ಸಲ ಬಾನೆಟ್ ಎತ್ತಿ ನೋಡಿದಾಗ ನಾನು ಜೋರಾಗಿ ನಕ್ಕೆ. "ಇದು ಹೊಲಿಗೆ ಮೆಷಿನು. ಮಂಗಳೂರಿನ ಸಪಾಟು ರೋಡಿಗೆ ಆದೀತು. ನಮ್ಮ ಗುಡ್ಡದಲ್ಲಿ ಎರಡು ಮಳೆಗಾಲ ನೋಡುದಿಲ್ಲ" ಎಂದೆ. ನನ್ನ ಮಾತು ನನಗಿಂತ ಮೊದಲೇ ಸುಳ್ಯ ಮುಟ್ಟಿತು. ಕಾರು ತೆಗೆಯಬೇಕೆಂದಿದ್ದ ನಾಲ್ಕೈದು ಜನ ನನ್ನ ಮಾತು ಕೇಳಿಯೇ ಹಿಂದೆ ಸರಿದರೆಂದು ಆಮೇಲೆ ಗೊತ್ತಾಯಿತು.

ಒಬ್ಬರು ಮಾತ್ರ ಸರಿಯಲಿಲ್ಲ. ಅವರು ಧಣಿಗಳ ತಂಗಿ. ಗಂಡ ತೀರಿಕೊಂಡ ಮೇಲೆ ಪೆರಾಬೆಯ ಮನೆಯಲ್ಲೇ ಇದ್ದರು. ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಆ ವರ್ಷ ಅವರಿಗೆ ಮುಖ್ಯೋಪಾಧ್ಯಾಯಿನಿಯ ಜವಾಬ್ದಾರಿ ಬಂದಿತ್ತು, ಶಾಲೆಯ ಬೀಗದ ಕೈಯೂ ಜೊತೆಗೆ ಬಂದಿತ್ತು. ಬೆಳಗಿನ ಬಸ್ಸು ಶಾಲೆಯ ಹತ್ತಿರ ಮುಟ್ಟುವಾಗ ಗಂಟೆ ಹೊಡೆಯುವ ಹೊತ್ತು ದಾಟಿರುತ್ತಿತ್ತು. ಅಣ್ಣನ ಕಾರಿನಲ್ಲಿ ಹೋಗೋಣವೆಂದರೆ ಅಣ್ಣನಿಗೆ ಅಂದು ಆ ದಿಕ್ಕಿಗೆ ಕೆಲಸ ಇರಬೇಕು, ಸ್ನಾನ ಆಗಿರಬೇಕು, ತಿಂಡಿ ಆಗಿರಬೇಕು. ಟೀಚರು ಚೀಲ ಹಿಡಿದು ಮೆಟ್ಟಿಲ ಬದಿಯಲ್ಲಿ ಕಾಯುವುದು, ಮಕ್ಕಳು ಬೀಗ ಹಾಕಿದ ಬಾಗಿಲೆದುರು ಕಾಯುವುದು, ಇದು ವಾರಕ್ಕೆ ಮೂರು ದಿನದ ಕತೆ. ಕೊನೆಗೆ ಅವರು ತಮ್ಮ ಸಂಬಳದಲ್ಲಿ ಕೂಡಿಟ್ಟ ದುಡ್ಡಿನಿಂದ ಸಣ್ಣ ಕಾರೊಂದನ್ನು ತರಿಸಿಯೇ ಬಿಟ್ಟರು. ಅಣ್ಣನಿಗೆ ಇಷ್ಟವಿರಲಿಲ್ಲ. ಆದರೆ ಬೇಡ ಎನ್ನಲು ಕಾರಣವೂ ಇರಲಿಲ್ಲ.

ಟೀಚರಿಗೆ ಡ್ರೈವಿಂಗ್ ಕಲಿಸಲು ಧಣಿಗಳು ನನ್ನನ್ನೇ ಕರೆಸಿದರು. "ನೀನೇ ಕಲಿಸು. ಕಂಡಕಂಡವರ ಹತ್ತಿರ ಕಲಿತು ಕಾರು ಹಾಳು ಮಾಡುದು ಬೇಡ" ಎಂದರು. ಟೀಚರಿಗೆ ಆಗ ನಲವತ್ತೈದರ ಹತ್ತಿರ ವಯಸ್ಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೆ, ಆದರೂ ಪಕ್ಕದಲ್ಲಿ ಕೂತರೆ ನನಗೆ ಮಗ್ಗಿ ಒಪ್ಪಿಸಬೇಕಾಗಿ ಬಂದೀತು ಎಂಬ ಭಯ. ಅವರಿಗೆ ಸ್ಟೇರಿಂಗು ಬೇಗ ಒಗ್ಗಿತು. ಗೇರು ಮಾತ್ರ ಒಗ್ಗಲಿಲ್ಲ, ಅದರಲ್ಲೂ ಚಡವಿನ ನಡುವೆ. ನಾನು ಕಲಿಸಿದ್ದು ನನಗೆ ಕಲಿಸಿದ್ದನ್ನೇ. "ಟೀಚರೇ, ಬೇಗ ಬೇಗ ಟಾಪಿಗೆ ಹಾಕಿ. ಇಂಜಿನ್ ಬೊಬ್ಬೆ ಹೊಡೀಲಿಕ್ಕೆ ಬಿಡಬಾರದು. ಚಡವಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೊತ್ತು ನಾಲ್ಕರಲ್ಲೇ ಎಳೆಯಿರಿ." ಅವರು ಒಳ್ಳೆಯ ವಿದ್ಯಾರ್ಥಿನಿ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದರು.

ಅದೇ ತಪ್ಪಾಯಿತು ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ನಾಲ್ಕು ತಿಂಗಳಲ್ಲಿ ಕಾರು ಮೊದಲ ಸಲ ನಿಂತಿತು. ಟೀಚರು ಅಣ್ಣನನ್ನು ಕೂರಿಸಿಕೊಂಡು ಕಡಬಕ್ಕೆ ಹೋಗುತ್ತಿದ್ದರಂತೆ. ಚಡವಿನ ಮುಕ್ಕಾಲು ಭಾಗದಲ್ಲಿ ಬಾನೆಟಿನಿಂದ ಹಬೆ. ನಾನು ಹೋಗಿ ಕಾರನ್ನು ಎಳೆಸಿಕೊಂಡು ಬಂದು ಬಿಚ್ಚಿದೆ. ಇಂಜಿನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಸುಟ್ಟುಹೋಗಿತ್ತು. ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿತ್ತು. ಅಲ್ಯೂಮಿನಿಯಂ ಹೆಡ್ಡು ಬಿಸಿಗೆ ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಕನ್ನಡಿ ಗಾಜಿನ ಮೇಲೆ ಇಟ್ಟು ನೋಡಿದರೆ ಒಂದು ಮೂಲೆಯಲ್ಲಿ ಬೆಳಕು ತೂರಿ ಬರುತ್ತಿತ್ತು. ಹೆಡ್ಡನ್ನು ಮಂಗಳೂರಿನ ಲೇತಿಗೆ ಕಳಿಸಿ ಸಪಾಟು ಮಾಡಿಸಿದೆ. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೆಂಬುದನ್ನು ಕೈಯಂದಾಜಿಗೆ ಬಿಡದೆ, ಅಳತೆ ತೋರಿಸುವ ಸ್ಪ್ಯಾನರನ್ನು ಎರವಲು ತಂದು ಬಿಗಿದೆ. ಕಂಪೆನಿಯ ವರ್ಕ್‌ಶಾಪಿಗೆ ಹೋಗದೆ, ಯಾರೂ ತೋರಿಸಿಕೊಡದೆ ಆ ಕೆಲಸ ಮಾಡಿದೆ. ಇಂದಿಗೂ ಅದು ಒಳ್ಳೆಯ ಕೆಲಸವೇ, ಅದರಲ್ಲಿ ಒಂದು ನೂಲಿನಷ್ಟೂ ತಪ್ಪಿರಲಿಲ್ಲ.

ಎರಡು ತಿಂಗಳು ಕಳೆಯಿತು. ಮದುವೆಯೊಂದಕ್ಕೆ ಹೋಗುವಾಗ, ಮತ್ತೆ ಅಣ್ಣ ಪಕ್ಕದಲ್ಲಿ, ಅದೇ ಚಡವಿನಲ್ಲಿ ನೀರು ಕುದಿಯಿತು. ಧಣಿಗಳು ಜರಿ ಪಂಚೆ ಉಟ್ಟು, ಹಬೆ ಬಿಡುವ ಸಣ್ಣ ಕಾರಿನ ಬದಿಯಲ್ಲಿ ನಿಂತದ್ದನ್ನು ಚಾದಂಗಡಿಯವರು ಕೆಳಗಿಳಿದು ಬಂದು ನೋಡಿದರಂತೆ. ತಾವು ಗೋಣಿ ಹಾಕಿಕೊಂಡು ಟಾಪಿನಲ್ಲಿ ಹತ್ತಿದ ಚಡವಿನಲ್ಲೇ ಹಾಗೆ ನಿಲ್ಲಬೇಕಾದದ್ದು ಅವರಿಗೆ ಸಹಿಸಲಾಗಲಿಲ್ಲ. ಮರುದಿನ ನನ್ನ ಗ್ಯಾರೇಜಿಗೆ ಬಂದರು.

"ಸಣ್ಣ ಇಂಜಿನಿನ ಹಣೆಬರಹ ನೀನು ಮೊದಲೇ ಹೇಳಿದ್ದಿ. ಸಾಕು. ಜಾಲ್ಸೂರಿನ ಆಚೆಯ ಒಬ್ಬರು ತೆಗೆದುಕೊಳ್ತೇನೆ ಅಂತ ಹೇಳಿದ್ದಾರೆ. ಆದಿತ್ಯವಾರ ಬರ್ತಾರೆ. ನೀನೂ ಮನೆಗೆ ಬಾ, ಇಂಜಿನ್ ಸರಿ ಉಂಟು ಅಂತ ಒಂದು ಮಾತು ಹೇಳಲಿಕ್ಕೆ."

"ಟೀಚರಿಗೆ ಹೇಳಿದ್ದೀರಾ?" ಎಂದು ಕೇಳಿದೆ.

"ಅವಳಿಗೆ ಹೇಳುದೆಂತ? ಕಾರು ನಿಂತದ್ದು ಅವಳಿಗೆ ಗೊತ್ತುಂಟಲ್ಲ" ಎಂದರು.

ಅಂದು ಸೋಮವಾರ. ನಾನು ಕಾರನ್ನು ತಂದು ಮತ್ತೆ ನೋಡಿದೆ. ಆಯಿಲು ಸ್ವಚ್ಛ, ಹೆಡ್ಡು ಭದ್ರ, ರೇಡಿಯೇಟರು ಹೊಸದರಂತೆ. ಹುಡುಕಿದರೂ ಏನೂ ಸಿಗಲಿಲ್ಲ. ಸಿಗದಿದ್ದರೆ ನನಗೆ ಸಿಟ್ಟು ಬರುತ್ತದೆ. ಎರಡು ದಿನ ನಾನು ಮನೆಯಲ್ಲೂ ಗ್ಯಾರೇಜಿನಲ್ಲೂ ಸಿಡಿಮಿಡಿಗುಟ್ಟಿದೆ. ಕೊನೆಗೆ, ಇದು ಕಾರಿನ ಹುಟ್ಟುಗುಣ, ರಿಪೇರಿಯಿಂದ ಹೋಗುವಂಥದ್ದಲ್ಲ ಎಂದು ತೀರ್ಮಾನಿಸಿ ಮನಸ್ಸು ಹಗುರ ಮಾಡಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನನ್ನ ವಿಷಯದಲ್ಲಿ ನಿಜವಾಗಿತ್ತು.

ಬುಧವಾರ ಶಾಲೆ ಬಿಟ್ಟ ಮೇಲೆ ಟೀಚರು ಬಸ್ಸಿನಲ್ಲಿ ಪುತ್ತೂರಿಗೆ ಬಂದು ನೆಟ್ಟಗೆ ಗ್ಯಾರೇಜಿಗೆ ನಡೆದು ಬಂದರು. ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು. ಕಾರು ಮಾರುವ ಸುದ್ದಿ ಕಿವಿಗೆ ಬಿದ್ದು ಅವರು ಅಳಲು ಬಂದಿದ್ದಾರೆಂದು ಭಾವಿಸಿ ನಾನು ಸಮಾಧಾನದ ಮಾತು ಸಿದ್ಧಮಾಡಿಕೊಂಡಿದ್ದೆ. ಅವರು ನನ್ನ ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಡಿಸಿದರು.

"ಮೇಸ್ತ್ರಿಯವರೇ, ಕಾರು ಬಂದ ದಿನದಿಂದ ನಾನು ಬರೆದಿಟ್ಟದ್ದುಂಟು. ಚಡವು ಹತ್ತಿದ ಮೇಲೆ ಬಿಸಿ ತೋರಿಸುವ ಮುಳ್ಳು ಎಲ್ಲಿ ಇತ್ತು, ಕಾರಲ್ಲಿ ಯಾರು ಇದ್ದರು, ಎಲ್ಲ ಉಂಟು. ಒಮ್ಮೆ ನೋಡಿ."

ನೋಡಿದೆ. ಪ್ರಯೋಗಶಾಲೆಯ ಪುಸ್ತಕದ ಹಾಗೆ ಗೆರೆ ಎಳೆದು ಬರೆದಿದ್ದರು. ಒಬ್ಬರೇ ಶಾಲೆಗೆ ಹೋದ ದಿನಗಳಲ್ಲೆಲ್ಲ ಮುಳ್ಳು ನಡುವಿನಲ್ಲಿ. ಅಣ್ಣ ಜೊತೆಗಿದ್ದ ದಿನಗಳಲ್ಲೆಲ್ಲ ಮುಳ್ಳು ಮೇಲಕ್ಕೆ. ರಿಪೇರಿ ಆದ ಮೇಲೆ ನಾನು ಪಕ್ಕದಲ್ಲಿ ಕೂತು ಹೋಗಿ ಬಂದ ದಿನವೂ ಮೇಲಕ್ಕೆ.

ನಾನು ನಕ್ಕೆ. "ಇದಕ್ಕೆ ವಿಜ್ಞಾನ ಬೇಡ ಟೀಚರೇ. ಒಬ್ಬರಿದ್ದರೆ ಭಾರ ಕಮ್ಮಿ, ಇಬ್ಬರಿದ್ದರೆ ಜಾಸ್ತಿ. ಸಣ್ಣ ಇಂಜಿನ್, ತಡಕೊಳ್ಳುದಿಲ್ಲ."

ಅವರು ಒಂದು ಪುಟ ತಿರುಗಿಸಿ ಬೆರಳಿಟ್ಟರು. "ಇದು ಆಟೋಟದ ದಿನ. ನಾಲ್ಕು ಹುಡುಗಿಯರು, ಅವರ ಚೀಲ, ಒಂದು ಗುಂಡು, ಎರಡು ಜಾವೆಲಿನ್. ಅಣ್ಣನಿಗಿಂತ ಜಾಸ್ತಿ ಭಾರ. ಮುಳ್ಳು ಎಲ್ಲುಂಟು ನೋಡಿ."

ಮುಳ್ಳು ನಡುವಿನಲ್ಲಿ ಇತ್ತು. ನನ್ನ ನಗು ನಿಂತಿತು.

"ಹಾಗಾದ್ರೆ ವ್ಯತ್ಯಾಸ ಎಂತದು?" ಎಂದು ನಾನೇ ಕೇಳಬೇಕಾಯಿತು.

ಟೀಚರು ನಾಚಿಕೊಂಡದ್ದನ್ನು ನಾನು ಅಂದು ಮಾತ್ರ ಕಂಡದ್ದು. "ಒಂದು ವ್ಯತ್ಯಾಸ ಉಂಟು. ನಿಮಗೆ ಹೇಳಲಿಕ್ಕೆ ಮರ್ಯಾದೆ ಹೋಗ್ತದೆ. ನೀವು, ಅಣ್ಣ, ಯಾರಾದರೂ ದೊಡ್ಡವರು ಪಕ್ಕದಲ್ಲಿದ್ದರೆ ನೀವು ಕಲಿಸಿದ ಹಾಗೆ ನಾಲ್ಕರಲ್ಲಿ ಹತ್ತಿಸ್ತೇನೆ. ಒಬ್ಬಳೇ ಇದ್ದರೆ, ಮಕ್ಕಳು ಮಾತ್ರ ಇದ್ದರೆ, ನನಗೆ ಚಡವಿನ ನಡುವೆ ಗೇರು ಮುಟ್ಟಲಿಕ್ಕೆ ಹೆದರಿಕೆ. ಕೆಳಗೇ ಎರಡಕ್ಕೆ ಹಾಕಿ, ತುದಿ ಮುಟ್ಟುವವರೆಗೆ ಕಣ್ಣು ಮುಚ್ಚಿದ ಹಾಗೆ ಹೋಗ್ತೇನೆ. ಇಂಜಿನ್ ಬೊಬ್ಬೆ ಹೊಡೀತದೆ. ಪಾಪ ಅನ್ನಿಸ್ತದೆ. ಆದರೂ ಬಿಡುದಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ತಿಂಗಳು ನಾನು ಕಲಿಸಿದ್ದನ್ನು ಬಿಟ್ಟು ಇಂಜಿನಿಗೆ ಹಿಂಸೆ ಕೊಡುತ್ತಿದ್ದಾರಲ್ಲ ಎಂದು. ಬೈಯಲು ಬಾಯಿ ತೆರೆದೆ. ಆದರೆ ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು. ಯಾವ ದಿನ ಹಿಂಸೆ ಕೊಟ್ಟರೋ ಆ ದಿನ ಇಂಜಿನು ಸುಖವಾಗಿತ್ತು. ಯಾವ ದಿನ ಸುಖ ಕೊಟ್ಟರೋ ಆ ದಿನ ಕುದಿದಿತ್ತು. ಬೈಯುವುದಾದರೆ ಯಾರಿಗೆ?

ಅವರದೇ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಅಲ್ಲಿಂದಲೇ ಚಡವಿಗೆ ಹೊರಟೆ. ಮೊದಲ ಸಲ ನಾನೇ ಓಡಿಸಿದೆ, ನನ್ನ ಕ್ರಮದಲ್ಲಿ, ನಾಲ್ಕನೇ ಗೇರಿನಲ್ಲಿ. ಅರ್ಧ ಚಡವಿಗೆ ಇಂಜಿನಿನೊಳಗಿಂದ ಟಕಟಕ ಎಂಬ ಸಣ್ಣ ಸದ್ದು, ಹಂಚಿನ ಮೇಲೆ ಕಡಲೆ ಸಿಡಿದ ಹಾಗೆ. ಆ ಸದ್ದನ್ನು ನಾನು ಹಿಂದೆಯೂ ಕೇಳಿದ್ದೆ, ಸಣ್ಣ ಇಂಜಿನಿನ ಸ್ವಭಾವ ಎಂದು ಬಿಟ್ಟಿದ್ದೆ. ತುದಿ ಮುಟ್ಟುವಾಗ ಮುಳ್ಳು ಕೆಂಪಿನ ಹತ್ತಿರ. ಅರ್ಧ ಗಂಟೆ ತಣಿಯಲು ಬಿಟ್ಟು ಕೆಳಗಿಳಿದೆವು. ಎರಡನೇ ಸಲ ಟೀಚರಿಗೆ ಬಿಟ್ಟುಕೊಟ್ಟೆ. "ನೀವು ಒಬ್ಬರೇ ಇದ್ದಾಗ ಹೋಗುವ ಹಾಗೆ ಹೋಗಿ. ನಾನು ಇಲ್ಲ ಅಂತ ತಿಳ್ಕೊಳ್ಳಿ" ಎಂದೆ.

ಅವರು ಎರಡಕ್ಕೆ ಹಾಕಿ ಒತ್ತಿದರು. ಆ ಪುಟ್ಟ ಇಂಜಿನು ಕೂಗಿದ ಕೂಗಿಗೆ ನಾನು ಹಲ್ಲು ಕಚ್ಚಿಕೊಂಡೆ. ಹದಿನೈದು ವರ್ಷ ಕಿವಿಗೆ ಬಿದ್ದ ಪಾಠವೆಲ್ಲ ನಿಲ್ಲಿಸು ನಿಲ್ಲಿಸು ಎಂದಿತು. ನಾನು ಮುಳ್ಳಿನ ಮೇಲೆಯೇ ಕಣ್ಣಿಟ್ಟು ಕೂತೆ. ಮುಳ್ಳು ಅಲುಗಾಡಲಿಲ್ಲ. ಟಕಟಕ ಇಲ್ಲ. ತುದಿಯಲ್ಲಿ ಇಳಿದು ಬಾನೆಟ್ ಎತ್ತಿದರೆ ಇಂಜಿನು ಹುಲ್ಲು ತಿಂದ ಕರುವಿನ ಹಾಗೆ ನಿಶ್ಚಿಂತೆಯಿಂದ ಉಸಿರಾಡುತ್ತಿತ್ತು. ದೊಡ್ಡ ಇಂಜಿನು ನಿಧಾನವಾಗಿ ತಿರುಗಿ ಶಕ್ತಿ ಕೊಡುತ್ತದೆ, ಇದು ಬೇಗ ತಿರುಗಿದರೆ ಮಾತ್ರ ಕೊಡುತ್ತದೆ. ನಿಧಾನ ತಿರುಗಿಸಿ ಭಾರ ಹೊರಿಸಿದರೆ ಒಳಗೆ ಬೆಂಕಿ ಹೊತ್ತು ತಪ್ಪಿ ಹತ್ತುತ್ತದೆ, ನೀರೂ ಬೇಗ ಸುತ್ತು ಹೊಡೆಯುವುದಿಲ್ಲ. ಇಷ್ಟೇ ವಿಷಯ. ಬೊಬ್ಬೆ ಅದರ ನೋವಲ್ಲ, ಅದರ ಮಾತು. ಸುಟ್ಟ ಗ್ಯಾಸ್ಕೆಟ್ಟು, ಸೊಟ್ಟಗಾದ ಹೆಡ್ಡು, ಮದುವೆಯ ದಿನದ ಹಬೆ, ಎಲ್ಲವೂ ನಾನು ಕಲಿಸಿದ ವಿದ್ಯೆಯ ಫಲ.

ನಿಜ ಹೇಳಬೇಕೆಂದರೆ, ಬಾಯಿ ಮುಚ್ಚಿಕೊಂಡು ಇರಬಹುದಾಗಿತ್ತು. ಕಾರು ಜಾಲ್ಸೂರಿನ ಆಚೆಗೆ ಹೋಗುತ್ತಿತ್ತು, ನನ್ನ ಭವಿಷ್ಯವಾಣಿ ನಿಜವಾಗಿ ಉಳಿಯುತ್ತಿತ್ತು, ಟೀಚರು ಮತ್ತೆ ಮೆಟ್ಟಿಲ ಬದಿಯಲ್ಲಿ ನಿಲ್ಲುತ್ತಿದ್ದರು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಟೀಚರು ಕೂಡ ಹೋಗುವಾಗ "ಅಣ್ಣನಿಗೆ ನೀವು ಹೇಳಿದ್ರೆ ಮಾತ್ರ ನಂಬಿಕೆ ಬರ್ತದೆ. ನಾನು ಹೇಳಿದ್ರೆ ಹೆದರುಪುಕ್ಕಲಿ ಅಂತ ನಗ್ತಾನೆ" ಎಂದು ಮಾತ್ರ ಹೇಳಿದ್ದರು. ಹೇಳಿ ಎಂದು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ನನ್ನ ಸಿಟ್ಟಿನ ಸ್ವಭಾವಕ್ಕೆ ನಾನು ಹೇಳುತ್ತಲೇ ಇರಲಿಲ್ಲವೇನೋ.

ಶುಕ್ರವಾರ ಧಣಿಗಳ ಮನೆಗೆ ಹೋದೆ. "ನಾಳೆ ಬೆಳಿಗ್ಗೆ ಟೀಚರ ಜೊತೆ ಶಾಲೆಯವರೆಗೆ ಒಮ್ಮೆ ಬನ್ನಿ ಧಣಿಗಳೇ. ಅವರು ಹೇಗೆ ಬೇಕಾದರೂ ಓಡಿಸಲಿ, ನೀವು ಮಾತಾಡಬಾರದು" ಎಂದೆ. ಅವರು ನನ್ನ ಮುಖ ನೋಡಿದರು. ಅವರಿಗೆ ಹಾಗೆ ಮಾತಾಡಬಾರದು ಎಂದು ಅದುವರೆಗೆ ಹೇಳಿದವರು ಯಾರೂ ಇದ್ದಿರಲಿಕ್ಕಿಲ್ಲ. ಏನನ್ನಿಸಿತೋ, ಒಪ್ಪಿದರು.

ಶನಿವಾರ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಚಡವಿನ ಬುಡದಲ್ಲಿ ಟೀಚರು ಎರಡಕ್ಕೆ ಹಾಕಿದರು. ಇಂಜಿನು ಕೂಗತೊಡಗಿದ ಕೂಡಲೇ ಧಣಿಗಳು ಕೊಟ್ಟ ಮಾತು ಮರೆತರು.

"ಗೇರು ಹಾಕು! ಗೇರು ಹಾಕು ಅಂದೆ! ಇಂಜಿನ್ ಸಾಯ್ತದೆ!"

ಟೀಚರು ಹಾಕಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದುದು ಹಿಂದೆ ಕೂತ ನನಗೆ ಕಾಣುತ್ತಿತ್ತು. ಧಣಿಗಳ ಕೈ ಗೇರಿನ ಕಡೆಗೆ ಹೋಯಿತು. ನಾನು ಹಿಂದಿನಿಂದ ಬಗ್ಗಿ ಆ ಕೈ ಹಿಡಿದೆ. ಧಣಿಗಳ ಕೈ ಹಿಡಿಯುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. "ಮುಳ್ಳು ನೋಡಿ" ಎಂದೆ. ಅವರು ಮುಳ್ಳು ನೋಡಿದರು. ತುದಿಯವರೆಗೂ ನೋಡಿದರು. ಅದು ನಡುವಿನಲ್ಲೇ ಇತ್ತು.

ಆ ಸದ್ದಿಗೆ ಚಾದಂಗಡಿಯ ಬೆಂಚಿನವರೆಲ್ಲ ರಸ್ತೆಗೆ ಬಂದಿದ್ದರು. ಧಣಿಗಳನ್ನು ಕಂಡು ಯಾರೂ "ಗೇರು ಬಿತ್ತಾ?" ಎನ್ನಲಿಲ್ಲ, ಆದರೆ ಮೀಸೆಯಡಿಯಲ್ಲಿ ನಗು ಇತ್ತು. ನಾನು ಕಾರು ನಿಲ್ಲಿಸಲು ಹೇಳಿ ಕೆಳಗಿಳಿದೆ. ಟೀಚರು ಗಡಿಯಾರ ನೋಡಿದರು. "ಎರಡೇ ನಿಮಿಷ ಟೀಚರೇ" ಎಂದೆ. ಆಮೇಲೆ ಆ ಬೆಂಚಿನವರಿಗೂ ಧಣಿಗಳಿಗೂ ಕೇಳುವ ಹಾಗೆ ಹೇಳಿದೆ:

"ಈ ಕಾರು ಎರಡು ಸಲ ನಿಂತದ್ದು ಕಾರಿನ ತಪ್ಪಲ್ಲ, ಟೀಚರ ತಪ್ಪೂ ಅಲ್ಲ. ನಾನು ಕಲಿಸಿದ್ದು ತಪ್ಪು. ಸಣ್ಣ ಇಂಜಿನನ್ನು ಟಾಪಿನಲ್ಲಿ ಎಳೆಯಬಾರದು. ಟೀಚರು ಹತ್ತಿಸಿದ ಹಾಗೆ ಹತ್ತಿಸಬೇಕು."

ಒಬ್ಬ ಹಳೆಯ ಡ್ರೈವರ್ ಕಿಸಕ್ಕನೆ ನಕ್ಕ. "ಎಂತ ಮಾರಾಯ, ಹೆಂಗಸಿನ ಹತ್ತಿರ ಪಾಠ ಕಲಿತಿಯಾ?"

"ಹೌದು, ಕಲಿತೆ. ನೀನೂ ಕಲಿ, ನಾಳೆ ಸಣ್ಣ ಕಾರು ಓಡಿಸುವಾಗ ಇಂಜಿನ್ ಉಳೀತದೆ" ಎಂದೆ.

ಮತ್ತೆ ಕಾರಿಗೆ ಹತ್ತಿ ಕೂತಾಗ ನನಗೆ ಬಂದ ಹೆಮ್ಮೆ, ಆರು ಜನ ಎರಡು ಗೋಣಿ ಹೊತ್ತ ಇಂಜಿನು ಟಾಪಿನಲ್ಲಿ ಹತ್ತಿದ ದಿನವೂ ಬಂದಿರಲಿಲ್ಲ. ಇಂಜಿನು ಕಟ್ಟುವುದು ಕೈಯ ಕೆಲಸ, ಕೈ ಪಳಗಿದರೆ ಆಗುತ್ತದೆ. ಇದು ಹಾಗಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹದಿನೈದು ವರ್ಷ ಸಾಧಿಸಿದವನು ನಾಲ್ಕನೇ ಕಾಲನ್ನು ಎಲ್ಲರೆದುರು ಎಣಿಸಿ ತೋರಿಸಬೇಕು. ಅದಾದ ಮೇಲೆ ಸುಳ್ಯ, ಕಡಬ, ಪುತ್ತೂರಿನ ಸಣ್ಣ ಕಾರುಗಳೆಲ್ಲ ನನ್ನ ಗ್ಯಾರೇಜಿನ ದಾರಿ ಹಿಡಿದವು. ಟೀಚರ ಕಾರಿನ ಹೆಡ್ಡನ್ನು ನಾನು ಮತ್ತೆ ಬಿಚ್ಚಿದ್ದು ವರ್ಷಗಳ ನಂತರ, ಅದೂ ಸವೆದ ವಾಲ್ವುಗಳಿಗಾಗಿ. ಸುಟ್ಟದ್ದು ಕಾದದ್ದು ಒಂದೂ ಇರಲಿಲ್ಲ.

ಅಂದು ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದೆವು. ಟೀಚರು ಇಳಿದು ಬೀಗ ತೆರೆದರು, ಮಕ್ಕಳು ಒಳಗೆ ನುಗ್ಗಿದರು. ಧಣಿಗಳು ಕಾರಿನಿಂದಿಳಿದು ಬಾನೆಟಿನ ಮೇಲೆ ಅಂಗೈ ಇಟ್ಟು ನೋಡಿದರು, ಜ್ವರ ನೋಡುವ ಹಾಗೆ. "ನಾಳೆ ಬಾ" ಎಂದು ನನಗೆ ಹೇಳಿದರು. ಕಾರು ಮಾರುತ್ತೇನೆಂದೂ ಹೇಳಲಿಲ್ಲ, ಮಾರುವುದಿಲ್ಲ ಎಂದೂ ಹೇಳಲಿಲ್ಲ. ನಾನು ಬಸ್ಸು ಹತ್ತಿದೆ.

ಆದಿತ್ಯವಾರ ಹತ್ತು ಗಂಟೆಗೆ ಜಾಲ್ಸೂರಿನ ಆಚೆಯವರು ಬಂದರು. ಮಲಯಾಳ ಬೆರೆಸಿ ಮಾತಾಡುವ ಸಜ್ಜನರು, ಜೊತೆಗೆ ಅವರ ಭಾವ. ಧಣಿಗಳು ಬೆಲ್ಲ, ನೀರು ಕೊಡಿಸಿದರು. ನನ್ನನ್ನು ತೋರಿಸಿ, ಇಂಜಿನ್ ಕೆಲಸ ಮಾಡಿದ್ದು ಇವನು ಎಂದರು. ಇಂಜಿನ್ ಹೇಗುಂಟು ಎಂದು ಅವರು ಕೇಳಿದರು. "ಬಂಗಾರದ ಹಾಗೆ ಉಂಟು" ಎಂದೆ. ಸುಳ್ಳು ಹೇಳಲು ಬರಲಿಲ್ಲ, ನನ್ನ ನಿಜದಿಂದಲೇ ಕಾರು ಮಾರಿಹೋದೀತಲ್ಲ ಎಂದು ಆಮೇಲೆ ನಾಲಗೆ ಕಚ್ಚಿಕೊಂಡೆ. ಅವರ ಕಣ್ಣು ಮಿನುಗಿತು. ಅಂಗಳದ ಆಚೆ ಟೀಚರು ಸೆರಗು ಸಿಕ್ಕಿಸಿ, ಬಕೆಟು ಇಟ್ಟುಕೊಂಡು ಕಾರು ತೊಳೆಯುತ್ತಿದ್ದರು. ಈ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಅವರು ಒಂದೇ ಬಾಗಿಲನ್ನು ಮೂರು ಸಲ ಉಜ್ಜಿದ್ದನ್ನು ನಾನು ನೋಡಿದೆ.

"ಹಾಗಾದ್ರೆ ಮಾತು ಮುಗಿಸುವನಾ ಧಣಿಗಳೇ?" ಎಂದು ಬಂದವರು ಕೇಳಿದರು.

ಧಣಿಗಳು ಎದ್ದರು. ಹೆಗಲ ಮೇಲಿನ ಬೈರಾಸು ಬಟ್ಟೆ ಸರಿಮಾಡಿಕೊಂಡರು. ಆ ಮನೆಯಲ್ಲಿ ಮಾರುವುದು, ಕೊಳ್ಳುವುದು, ಕೊಡುವುದು ಎಲ್ಲ ಅವರ ಬಾಯಿಂದಲೇ ಆಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ.

"ನನ್ನ ಹತ್ತಿರ ಎಂತ ಕೇಳುದು? ಕಾರು ಅವಳದ್ದು. ಅವಳ ಹತ್ತಿರ ಕೇಳಿ" ಎಂದರು.

ಬಂದವರು ಅಂಗಳಕ್ಕಿಳಿದು ಟೀಚರ ಹತ್ತಿರ ಹೋಗಿ ಕೇಳಿದರು. ಟೀಚರು ಬಟ್ಟೆ ಹಿಂಡಿ, ಕೈ ಒರೆಸಿಕೊಂಡು ಒಮ್ಮೆ ಅಣ್ಣನ ಕಡೆ ನೋಡಿದರು. ಅಣ್ಣ ಬೇರೆಲ್ಲೋ ನೋಡುತ್ತಿದ್ದರು.

"ಇಲ್ಲ, ಮಾರುದಿಲ್ಲ. ನಾಳೆ ಶಾಲೆ ಉಂಟು" ಎಂದರು.